ಎಕ್ಸ್‌ರೇಯಲ್ಲಿ ಒಂದು ಮೂಳೆ ಜಾಸ್ತಿ: ಕಣಕಾಲು ಮುರಿದಾಗ ಅದನ್ನೇನು ಮಾಡಬೇಕು?

ಮಳೆಗಾಲ ಬಂತೆಂದರೆ ಮೂಳೆ ಡಾಕ್ಟರ ಬಾಗಿಲಲ್ಲಿ ಕಾಲು ಊದಿಸಿಕೊಂಡು ಬಂದವರ ಸಾಲು ಉದ್ದವಾಗುತ್ತದೆ. ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿದವರು, ಕೊನೆಯ ಮೆಟ್ಟಿಲು ಲೆಕ್ಕ ತಪ್ಪಿದವರು, ಬೈಕು ಮಗುಚಿ ಕಾಲು ಅಡಿಗೆ ಸಿಕ್ಕಿಸಿಕೊಂಡವರು. ಎಕ್ಸ್‌ರೇ ತೆಗೆಸುತ್ತಾರೆ. ಈಗೆಲ್ಲ ರಿಪೋರ್ಟು ಮೊಬೈಲಿಗೇ ಬಂದುಬಿಡುತ್ತದೆ, ಡಾಕ್ಟರು ನೋಡುವ ಮೊದಲೇ ಮನೆಮಂದಿಯೆಲ್ಲ ಓದಿ ಮುಗಿಸಿರುತ್ತಾರೆ. ಮೊದಲ ಸಾಲಿನಲ್ಲಿ ಮುರಿತದ ವಿಷಯ. ಅದರ ಕೆಳಗೆ ಇನ್ನೊಂದು: ‘ಆಸ್ ಟ್ರೈಗೋನಮ್ ಕಂಡುಬಂದಿದೆ’, ಇಲ್ಲವೇ ‘ಆಕ್ಸೆಸರಿ ನ್ಯಾವಿಕ್ಯುಲರ್ ಇದೆ’. ಅಲ್ಲಿಂದ ಗಾಬರಿ ಶುರು. ಎರಡು ಕಡೆ ಮುರಿದಿದೆಯಾ? ಚೂರು ಒಳಗೇ ಉಳಿದುಕೊಂಡಿದೆಯಾ? ಅದನ್ನೂ ಆಪರೇಷನ್ ಮಾಡಿ ತೆಗೀಬೇಕಾ?

ಹೆಚ್ಚಿನ ಸಲ ಉತ್ತರ ‘ಇಲ್ಲ’. ಅದು ಮುರಿದ ಚೂರಲ್ಲ. ಬೆಳೆಯುವ ವಯಸ್ಸಿನಿಂದಲೂ ಅಲ್ಲೇ ಇರುವ ಪುಟ್ಟ ಹೆಚ್ಚುವರಿ ಮೂಳೆ. ಅದು ಇಲ್ಲವೇ ಇಲ್ಲ ಎಂಬಂತೆ ಮುರಿತಕ್ಕೆ ಚಿಕಿತ್ಸೆ ನಡೆಯುತ್ತದೆ. ಆದರೆ ಕೆಲವು ಸಲ ಈ ಪುಟ್ಟ ಮೂಳೆಯೂ ಲೆಕ್ಕಕ್ಕೆ ಬರುತ್ತದೆ. ಆ ಕೆಲವು ಸಲ ಯಾವುವು ಎಂದು ತಿಳಿಯಬೇಕಾದರೆ ಕಣಕಾಲು ಹೇಗೆ ಕೂಡಿಕೊಂಡಿದೆ ಎಂಬುದನ್ನು ಮೊದಲು ನೋಡಬೇಕು.

## ಕಣಕಾಲಿನಲ್ಲಿ ಏನೇನಿದೆ

ಮಂಡಿಯಿಂದ ಕೆಳಗೆ ಎರಡು ಮೂಳೆ ಇಳಿಯುತ್ತವೆ. ದಪ್ಪನೆಯದು ಟಿಬಿಯಾ. ಹೊರಗಡೆಯ ತೆಳ್ಳನೆಯದು ಫಿಬುಲಾ. ಕಣಕಾಲಿನ ಒಳಬದಿಯಲ್ಲಿ ಕೈಗೆ ಸಿಗುವ ಉಬ್ಬು ಟಿಬಿಯಾದ ತುದಿ, ಹೊರಬದಿಯ ಉಬ್ಬು ಫಿಬುಲಾದ ತುದಿ. ಡಾಕ್ಟರು ಇವನ್ನು ಮ್ಯಾಲಿಯೋಲಸ್ ಅನ್ನುತ್ತಾರೆ. ಈ ಲೇಖನದಲ್ಲಿ ಒಳಗಂಟು, ಹೊರಗಂಟು ಅನ್ನೋಣ. ಟಿಬಿಯಾದ ಹಿಂದಿನ ಅಂಚನ್ನು ಮೂರನೇ ಗಂಟು ಎಂದು ಲೆಕ್ಕ ಹಾಕುತ್ತಾರೆ. ಅದು ಆಳದಲ್ಲಿದೆ, ಕೈಗೆ ಸಿಗುವುದಿಲ್ಲ.

ಈ ಗಂಟುಗಳ ನಡುವಿನ ಸಂದಿನಲ್ಲಿ ಟೇಲಸ್ ಎಂಬ ಮೂಳೆ ಬಿಗಿಯಾಗಿ ಕೂತಿದೆ. ಪಾದ ಮೇಲೆ ಕೆಳಗೆ ಆಡುವುದು ಇದೇ ಕೀಲಿನಲ್ಲಿ. ಟೇಲಸ್ ಕೆಳಗೆ ಹಿಮ್ಮಡಿ ಮೂಳೆ, ಟೇಲಸ್ಸಿನ ಮುಂದೆ ಒಳಬದಿಗೆ ನ್ಯಾವಿಕ್ಯುಲರ್. ಒಂದು ಪಾದದಲ್ಲಿ ಇಂಥವು ಒಟ್ಟು 26. ಮೂಳೆಗೂ ಮೂಳೆಗೂ ಕಟ್ಟಿರುವ ಗಟ್ಟಿ ಪಟ್ಟಿ ಲಿಗಮೆಂಟ್. ಮಾಂಸಖಂಡವನ್ನು ಮೂಳೆಗೆ ಕಟ್ಟಿರುವುದು ಟೆಂಡನ್.

ಟೇಲಸ್ ತನ್ನ ಜಾಗದಿಂದ ಕದಲಬಾರದು ಎನ್ನುವುದೇ ಕಣಕಾಲಿನ ಚಿಕಿತ್ಸೆಯ ಮೂಲಮಂತ್ರ. 1976ರಲ್ಲಿ ರಾಮ್ಸೆ ಮತ್ತು ಹ್ಯಾಮಿಲ್ಟನ್ ಎಂಬಿಬ್ಬರು ಇದನ್ನು ಅಳೆದು ನೋಡಿದರು. ಟೇಲಸ್ ಬರೀ 1 ಮಿಲಿಮೀಟರ್ ಹೊರಗೆ ಸರಿದರೂ ಕೀಲಿನ ಮೂಳೆಗಳು ಒಂದನ್ನೊಂದು ಮುಟ್ಟುವ ಜಾಗ ಶೇ 42ರಷ್ಟು ಕಡಿಮೆಯಾಗುತ್ತದೆ. ಮೈಭಾರವೆಲ್ಲ ಉಳಿದ ಸಣ್ಣ ಜಾಗದ ಮೇಲೆ ಬೀಳುತ್ತದೆ. ವರ್ಷಗಳು ಕಳೆದಂತೆ ಆ ಕೀಲು ಸವೆದು ಸಂಧಿವಾತಕ್ಕೆ ತಿರುಗುತ್ತದೆ. ಡಾಕ್ಟರು ಎಕ್ಸ್‌ರೇ ಮುಂದೆ ನಿಂತು ಮಿಲಿಮೀಟರ್ ಲೆಕ್ಕ ಹಾಕುವುದು ಇದಕ್ಕೇ.

## ಹೆಚ್ಚುವರಿ ಮೂಳೆ ಎಲ್ಲಿಂದ ಬಂತು

ಹುಟ್ಟಿದ ಮಗುವಿನ ಪಾದದಲ್ಲಿ ಗಟ್ಟಿ ಮೂಳೆ ಕಡಿಮೆ, ಮೆದುಮೂಳೆಯೇ ಜಾಸ್ತಿ. ಬೆಳೆಯುತ್ತಾ ಹೋದಂತೆ ಅದರೊಳಗೆ ಅಲ್ಲಲ್ಲಿ ಮೂಳೆಯ ಬಿಂದುಗಳು ಹುಟ್ಟಿ, ಹರಡಿ, ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಟೇಲಸ್ಸಿನ ಹಿಂಭಾಗವನ್ನೇ ತೆಗೆದುಕೊಳ್ಳಿ. ಹುಡುಗಿಯರಲ್ಲಿ 8ರಿಂದ 10ನೇ ವಯಸ್ಸಿನಲ್ಲಿ, ಹುಡುಗರಲ್ಲಿ 11ರಿಂದ 13ರಲ್ಲಿ ಅಲ್ಲೊಂದು ಪ್ರತ್ಯೇಕ ಬಿಂದು ಕಾಣಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಒಂದು ವರ್ಷದೊಳಗೆ ಟೇಲಸ್ಸಿಗೆ ಅಂಟಿಕೊಂಡು ಒಂದಾಗುತ್ತದೆ. ಕೆಲವರಲ್ಲಿ ಆ ಬೆಸುಗೆ ಆಗುವುದೇ ಇಲ್ಲ. ಮೂರು ಮೂಲೆಯ ಆ ತುಣುಕು ಮೆದುಮೂಳೆಯ ತೆಳು ಪದರದಿಂದ ಟೇಲಸ್ಸಿಗೆ ಕಟ್ಟಿಕೊಂಡು ಹಾಗೇ ಉಳಿಯುತ್ತದೆ. ಅದೇ ಆಸ್ ಟ್ರೈಗೋನಮ್. ಎಷ್ಟು ಜನರಲ್ಲಿರುತ್ತದೆ ಎಂಬ ಲೆಕ್ಕ ಅಧ್ಯಯನದಿಂದ ಅಧ್ಯಯನಕ್ಕೆ ಬದಲಾಗುತ್ತದೆ. ಸಾಮಾನ್ಯವಾಗಿ ಹೇಳುವುದು ನೂರಕ್ಕೆ 7ರಿಂದ 25.

ಎರಡನೇ ದಾರಿ ಟೆಂಡನ್ನಿನೊಳಗೆ ಹುಟ್ಟುವುದು. ನಮ್ಮ ಮಂಡಿಚಿಪ್ಪು ಇಂಥದೇ ಮೂಳೆ, ತೊಡೆಯ ಟೆಂಡನ್ನಿನೊಳಗೆ ಕೂತಿದೆ. ಪಾದದಲ್ಲೂ ಕೆಲವರಿಗೆ ಹಾಗೆ ಕಾಳಿನಷ್ಟು ಮೂಳೆ ಬೆಳೆಯುತ್ತದೆ.

ಮೂರನೆಯದರ ಬಗ್ಗೆ ಡಾಕ್ಟರುಗಳಲ್ಲೇ ಚರ್ಚೆ ಇದೆ. ಚಿಕ್ಕಂದಿನಲ್ಲಿ ಆಡುವಾಗ ಕಾಲು ಹೊರಳಿ, ಲಿಗಮೆಂಟ್ ಎಳೆದ ರಭಸಕ್ಕೆ ಮೂಳೆಯ ತುದಿ ಕಿತ್ತು ಬಂದಿರುತ್ತದೆ. ‘ಉಳುಕಿದೆ ಬಿಡು’ ಎಂದು ಯಾರೂ ತಲೆ ಕೆಡಿಸಿಕೊಂಡಿರುವುದಿಲ್ಲ. ಆ ತುಣುಕು ಕೂಡಿಕೊಳ್ಳದೆ, ಅಂಚು ದುಂಡಗಾಗಿ, ಬೇರೆ ಮೂಳೆಯ ಹಾಗೇ ಉಳಿದುಬಿಡುತ್ತದೆ. ಹೊರಗಂಟಿನ ಕೆಳಗಿರುವ ಆಸ್ ಸಬ್‌ಫಿಬುಲಾರೆ ಎಷ್ಟೋ ಸಲ ಹೀಗೆ ಆದದ್ದು ಎನ್ನುವವರಿದ್ದಾರೆ.

ಎಕ್ಸ್‌ರೇ ಬಂದ ಮೇಲೆ ಇವೆಲ್ಲ ಗೊತ್ತಾಯಿತು ಅಂದುಕೊಳ್ಳಬೇಡಿ. ರಾಂಟ್ಜೆನ್ ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಗ್ಯಾಸ್ಪಾರ್ ಬಾಹಿನ್ ಆಕ್ಸೆಸರಿ ನ್ಯಾವಿಕ್ಯುಲರ್, ಅಂದರೆ ಹೆಚ್ಚುವರಿ ನ್ಯಾವಿಕ್ಯುಲರ್ ಬಗ್ಗೆ 1605ರಲ್ಲೇ ಬರೆದಿದ್ದ. ಹೆಣ ಕೊಯ್ದು ನೋಡುತ್ತಿದ್ದ ಕಾಲದ ಪರಿಚಯ ಇದು.

## ಯಾವುದು ಎಲ್ಲಿರುತ್ತದೆ

ಕಣಕಾಲಿನ ಗಾಯದಲ್ಲಿ ಮತ್ತೆ ಮತ್ತೆ ಎದುರಾಗುವವು ಕೆಲವೇ. ಆಸ್ ಟ್ರೈಗೋನಮ್ ಟೇಲಸ್ಸಿನ ಹಿಂದೆ, ಹಿಮ್ಮಡಿಯ ದಪ್ಪ ಟೆಂಡನ್ನಿಗಿಂತ ಸ್ವಲ್ಪ ಮುಂದೆ, ಆಳದಲ್ಲಿರುತ್ತದೆ. ಆಸ್ ಸಬ್‌ಫಿಬುಲಾರೆ ಹೊರಗಂಟಿನ ತುದಿಯಡಿ, ಆಸ್ ಸಬ್‌ಟಿಬಿಯಾಲೆ ಒಳಗಂಟಿನ ತುದಿಯಡಿ. ಇವೆರಡೂ ಅಪರೂಪ.

ಆಕ್ಸೆಸರಿ ನ್ಯಾವಿಕ್ಯುಲರ್ ಮಾತ್ರ ಹೆಚ್ಚು ಜನರಲ್ಲಿದೆ, ಸುಮಾರಾಗಿ ಹತ್ತರಲ್ಲಿ ಒಬ್ಬರಿಗೆ. ಒಳಗಂಟಿನಿಂದ ಎರಡು ಬೆರಳಷ್ಟು ಮುಂದಕ್ಕೆ, ಕೆಳಕ್ಕೆ ಕೈಯಾಡಿಸಿದರೆ ಅಂಥವರ ಪಾದದಲ್ಲಿ ಒಂದು ಉಬ್ಬು ಸಿಗುತ್ತದೆ. ಬಿಗಿ ಶೂ ಹಾಕಿದರೆ ಅಲ್ಲೇ ಒತ್ತುತ್ತದೆ. ಇದರಲ್ಲಿ ಮೂರು ಬಗೆ. ಮೊದಲನೆಯದು ಟೆಂಡನ್ನಿನೊಳಗೆ ಬಿಡಿಯಾಗಿ ಕೂತ ಸಣ್ಣ ಕಾಳು. ಎರಡನೆಯದು ಮೆದುಮೂಳೆಯಿಂದ ನ್ಯಾವಿಕ್ಯುಲರ್‌ಗೆ ಅಂಟಿಕೊಂಡದ್ದು. ಮೂರನೆಯದು ಪೂರ್ತಿ ಬೆಸೆದುಹೋಗಿ ಕೊಂಬಿನಂತೆ ಚಾಚಿದ್ದು. ನೋವು ಕೊಡುವುದು ಹೆಚ್ಚಾಗಿ ಎರಡನೆಯದೇ, ಏಕೆಂದರೆ ಪಾದದ ಕಮಾನನ್ನು ಎತ್ತಿ ಹಿಡಿಯುವ ಟೆಂಡನ್ ಬಂದು ಹಿಡಿದುಕೊಳ್ಳುವುದು ಅಲ್ಲಿಗೇ. ಪ್ರತಿ ಹೆಜ್ಜೆಗೂ ಆ ಅಂಟು ಜಗ್ಗುತ್ತಿರುತ್ತದೆ.

## ಎಕ್ಸ್‌ರೇ ಯಾರಿಗೆ ಬೇಕು

ಕಾಲು ಉಳುಕಿದವರಿಗೆಲ್ಲ ಎಕ್ಸ್‌ರೇ ಬೇಕಿಲ್ಲ. ಕೆನಡಾದ ಒಟ್ಟಾವದ ಡಾಕ್ಟರುಗಳು 1992ರಲ್ಲಿ ಇದಕ್ಕೊಂದು ಸರಳ ನಿಯಮ ಕೊಟ್ಟರು. ಈಗ ಜಗತ್ತಿನ ಎಷ್ಟೋ ದೇಶಗಳಲ್ಲಿ ಅದನ್ನೇ ಬಳಸುತ್ತಾರೆ. ಎರಡೂ ಗಂಟುಗಳ ತುದಿಯನ್ನೂ, ಅಲ್ಲಿಂದ ಮೇಲಕ್ಕೆ 6 ಸೆಂಟಿಮೀಟರ್‌ವರೆಗೆ ಮೂಳೆಯ ಹಿಂದಿನ ಅಂಚನ್ನೂ ಒತ್ತಿ ನೋಡಬೇಕು. ಅಲ್ಲಿ ನೋವಿದ್ದರೆ ಎಕ್ಸ್‌ರೇ. ಬಿದ್ದ ತಕ್ಷಣವೂ, ಆಸ್ಪತ್ರೆಯಲ್ಲೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಆಗಲೂ ಎಕ್ಸ್‌ರೇ. ಕುಂಟುತ್ತಾ ಇಟ್ಟರೂ ಹೆಜ್ಜೆ ಹೆಜ್ಜೆಯೇ.

ಪಾದದ ಮಧ್ಯಭಾಗ ನೋಯುತ್ತಿದ್ದರೆ ಇನ್ನೆರಡು ಜಾಗ ಒತ್ತುತ್ತಾರೆ. ಒಂದು ಕಿರುಬೆರಳಿನ ಉದ್ದ ಮೂಳೆಯ ಬುಡ, ಇನ್ನೊಂದು ನ್ಯಾವಿಕ್ಯುಲರ್. ಹೆಚ್ಚುವರಿ ಮೂಳೆ ಸಿಗುವ ಜಾಗಗಳೂ ಇವೇ. ಹಾಗಾಗಿ ಮೊದಲಿನಿಂದಲೂ ಅಲ್ಲೊಂದು ಉಬ್ಬಿತ್ತು, ಆಗಾಗ ನೋಯುತ್ತಿತ್ತು ಅನ್ನುವುದಾದರೆ ಡಾಕ್ಟರಿಗೆ ಹೇಳಿಬಿಡಿ. ಇದು ಸಣ್ಣ ಮಾತಲ್ಲ, ಅವರ ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ.

## ಮುರಿದದ್ದೋ, ಮೊದಲೇ ಇದ್ದದ್ದೋ

ಇಲ್ಲಿ ಎರಡು ತಪ್ಪು ಆಗಬಹುದು, ಒಂದಕ್ಕೊಂದು ಪೂರ್ತಿ ವಿರುದ್ಧ. ಹೆಚ್ಚುವರಿ ಮೂಳೆಯನ್ನು ಮುರಿತ ಎಂದುಕೊಂಡು ವಾರಗಟ್ಟಲೆ ಪ್ಲಾಸ್ಟರ್ ಹಾಕಿಸಿಕೊಳ್ಳುವುದು ಒಂದು. ನಿಜವಾಗಿ ಕಿತ್ತುಬಂದ ಚೂರನ್ನು ‘ಇದು ಹುಟ್ಟಿನಿಂದ ಇರುವುದು’ ಎಂದು ಬಿಟ್ಟುಬಿಡುವುದು ಇನ್ನೊಂದು. ಎರಡನೆಯದೇ ಹೆಚ್ಚು ಕಾಡುತ್ತದೆ, ಏಕೆಂದರೆ ಆ ಚೂರಿನ ಜೊತೆ ಲಿಗಮೆಂಟೂ ಸಡಿಲಾಗಿರುತ್ತದೆ.

ಎಕ್ಸ್‌ರೇಯಲ್ಲಿ ಮೊದಲು ನೋಡುವುದು ಅಂಚು. ಮುರಿದ ನಿಪ್ಪಟ್ಟಿನ ಎರಡು ತುಂಡನ್ನು ಪಕ್ಕಪಕ್ಕ ಇಟ್ಟರೆ ಅಂಚಿಗೆ ಅಂಚು ಕೂಡಿ ಒಂದು ಪೂರ್ತಿ ನಿಪ್ಪಟ್ಟಾಗುತ್ತದೆ. ಮುರಿದ ಕಡೆ ಒರಟಾಗಿರುತ್ತದೆ, ಕರಿದ ಹೊರಪದರ ಅಲ್ಲಿರುವುದಿಲ್ಲ. ಅದೇ, ಒಂದು ದೊಡ್ಡದು ಒಂದು ಚಿಕ್ಕದು ಬೇರೆ ಬೇರೆಯಾಗಿ ತಟ್ಟಿ ಕರಿದದ್ದಾದರೆ ಚಿಕ್ಕದಕ್ಕೂ ಸುತ್ತ ಗಟ್ಟಿ ಅಂಚಿರುತ್ತದೆ, ಎರಡನ್ನು ಎಷ್ಟು ಹೊಂದಿಸಿದರೂ ಕೂಡುವುದಿಲ್ಲ. ಮೂಳೆಗೂ ಹಾಗೇ ಗಟ್ಟಿ ಹೊರಪದರವಿದೆ, ಎಕ್ಸ್‌ರೇಯಲ್ಲಿ ಅದು ಬೆಳ್ಳನೆಯ ಗೆರೆಯಾಗಿ ಬೀಳುತ್ತದೆ. ಹೆಚ್ಚುವರಿ ಮೂಳೆಯ ಸುತ್ತ ಆ ಗೆರೆ ಪೂರ್ತಿ ಇರುತ್ತದೆ. ಹೊಸ ಮುರಿತದಲ್ಲಿ ಮುರಿದ ಬದಿಗೆ ಗೆರೆ ಇರುವುದಿಲ್ಲ.

ಇಷ್ಟರಿಂದಲೇ ಯಾವಾಗಲೂ ಬಗೆಹರಿಯುವುದಿಲ್ಲ. ಎರಡನೇ ಸಾಕ್ಷಿ ಡಾಕ್ಟರ ಹೆಬ್ಬೆರಳು. ಚಿತ್ರದಲ್ಲಿ ತುಣುಕು ಕಂಡ ಜಾಗವನ್ನೇ ಒತ್ತಿ ನೋಡುತ್ತಾರೆ. ಅಲ್ಲಿ ನೋವೂ ಇಲ್ಲ, ಊತವೂ ಇಲ್ಲ ಎಂದರೆ ಅದು ಹಳೆಯದು. ಮೂರನೆಯದು ಇನ್ನೊಂದು ಕಾಲಿನ ಎಕ್ಸ್‌ರೇ. ಎಷ್ಟೋ ಜನರಿಗೆ ಹೆಚ್ಚುವರಿ ಮೂಳೆ ಎರಡೂ ಕಾಲಲ್ಲಿರುತ್ತದೆ. ಆದರೆ ಇನ್ನೊಂದು ಕಾಲಲ್ಲಿ ಇಲ್ಲ ಎಂದ ಮಾತ್ರಕ್ಕೆ ಇದು ಮುರಿತವೇ ಎನ್ನಲಾಗದು, ಒಂದೇ ಕಾಲಲ್ಲಿ ಇರುವವರೂ ಬೇಕಾದಷ್ಟಿದ್ದಾರೆ. ಹಳೆಯ ಎಕ್ಸ್‌ರೇ ಏನಾದರೂ ಇಟ್ಟುಕೊಂಡಿದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಇನ್ನೂ ಅನುಮಾನ ಉಳಿದರೆ ಸಿಟಿ ಸ್ಕ್ಯಾನ್. ಅಂಚುಗಳು ಅದರಲ್ಲಿ ಸ್ಪಷ್ಟವಾಗುತ್ತವೆ, ಹಿಂದಿನ ಗಂಟಿನ ಮುರಿತವೂ ಚೆನ್ನಾಗಿ ಕಾಣುತ್ತದೆ. ಎಂಆರ್‌ಐ ಹೇಳುವುದು ಬೇರೆ ವಿಷಯ. ಮೂಳೆಯೊಳಗೆ ನೀರು ತುಂಬಿದಂಥ ಊತವಿದೆಯೇ, ಮೆದುಮೂಳೆಯ ಬೆಸುಗೆ ಹರಿದಿದೆಯೇ, ಲಿಗಮೆಂಟ್ ಹೇಗಿದೆ ಎಂಬುದನ್ನು ತೋರಿಸುತ್ತದೆ. ಹೆಚ್ಚುವರಿ ಮೂಳೆ ಇದೆ ಎಂಬ ಒಂದೇ ಕಾರಣಕ್ಕೆ ಎಂಆರ್‌ಐಗೆ ಓಡಬೇಕಿಲ್ಲ.

ಮಕ್ಕಳ ಎಕ್ಸ್‌ರೇ ಇನ್ನೂ ಕಷ್ಟ. ಅಲ್ಲಿ ಬೆಳವಣಿಗೆಯ ಬಿಂದುಗಳೇ ಬಿಡಿ ಮೂಳೆಯ ಹಾಗೆ ಕಾಣುತ್ತವೆ. ಕಿರುಬೆರಳಿನ ಮೂಳೆಯ ಬುಡದಲ್ಲಿ ಒಂದು ಸುಲಭದ ಗುರುತಿದೆ. ಬೆಳವಣಿಗೆಯ ಗೆರೆ ಮೂಳೆಯ ಉದ್ದಕ್ಕೆ ಹೋಗುತ್ತದೆ, ಮುರಿತದ ಗೆರೆ ಅಡ್ಡಕ್ಕೆ ಹೋಗುತ್ತದೆ.

## ಮುರಿತಕ್ಕೆ ಪಟ್ಟಿಯೋ ಆಪರೇಷನ್ನೋ

ಹಳೆಯ ತಲೆಮಾರಿನ ಡಾಕ್ಟರು ಕಣಕಾಲಿನ ಮುರಿತಕ್ಕೆಲ್ಲ ‘ಪಾಟ್ಸ್ ಫ್ರಾಕ್ಚರ್’ ಎಂದುಬಿಡುತ್ತಿದ್ದರು, 18ನೇ ಶತಮಾನದ ಲಂಡನ್ ಸರ್ಜನ್ ಪರ್ಸಿವಲ್ ಪಾಟ್ ಹೆಸರಿನಲ್ಲಿ. ಈಗ ರಿಪೋರ್ಟಿನಲ್ಲಿ ಹೆಚ್ಚಾಗಿ ಕಾಣುವುದು ವೆಬರ್ ಎ, ಬಿ, ಸಿ. ಟಿಬಿಯಾ ಮತ್ತು ಫಿಬುಲಾವನ್ನು ಕಣಕಾಲಿನ ಮೇಲ್ಗಡೆ ಕಟ್ಟಿ ಹಿಡಿದಿರುವ ಲಿಗಮೆಂಟುಗಳ ಗುಂಪೊಂದಿದೆ. ಹೊರಗಂಟು ಅದಕ್ಕಿಂತ ಕೆಳಗೆ ಮುರಿದರೆ ಎ, ಅದೇ ಮಟ್ಟದಲ್ಲಿ ಮುರಿದರೆ ಬಿ, ಮೇಲೆ ಮುರಿದರೆ ಸಿ. ಎ ಸಾಮಾನ್ಯವಾಗಿ ಸಾಧು. ಪ್ಲಾಸ್ಟರ್ ಪಟ್ಟಿ ಇಲ್ಲವೇ ಬಿಚ್ಚಿ ಹಾಕುವ ಬೂಟಿನಲ್ಲಿ ವಾಸಿಯಾಗುತ್ತದೆ. ಸಿಯಲ್ಲಿ ಆ ಲಿಗಮೆಂಟೂ ಹರಿದಿರುವ ಸಂಭವ ಜಾಸ್ತಿ, ಹೆಚ್ಚಿನವರಿಗೆ ಆಪರೇಷನ್ ಬೇಕಾಗುತ್ತದೆ.

ತಲೆನೋವು ಬಿ. ಹೊರಗಡೆ ಮುರಿದಿದೆ ಸರಿ, ಒಳಬದಿಯ ಲಿಗಮೆಂಟ್ ಗಟ್ಟಿಯಾಗಿದೆಯೇ? ಗಟ್ಟಿಯಿದ್ದರೆ ಟೇಲಸ್ ಕದಲುವುದಿಲ್ಲ, ಪಟ್ಟಿ ಸಾಕು. ಹರಿದಿದ್ದರೆ ಕದಲುತ್ತದೆ. ತಿಳಿಯಲು ನಿಲ್ಲಿಸಿ ಎಕ್ಸ್‌ರೇ ತೆಗೆಯುತ್ತಾರೆ, ಇಲ್ಲವೇ ಪಾದವನ್ನು ಜೋತುಬಿಟ್ಟು ತೆಗೆಯುತ್ತಾರೆ. ಒಳಗಂಟು ಮತ್ತು ಟೇಲಸ್ ನಡುವಿನ ಸಂದು 4 ಮಿಲಿಮೀಟರ್ ದಾಟಿದರೆ ಅನುಮಾನ ಬಲವಾಗುತ್ತದೆ.

ಹೆಚ್ಚುವರಿ ನ್ಯಾವಿಕ್ಯುಲರ್ ಇದ್ದವರಿಗೆ ಗೊಂದಲ ಆಗುವುದು ಇದೇ ಹಂತದಲ್ಲಿ. ಕಾಲು ಹೊರಳಿದಾಗ ಆ ಮೂಳೆಯ ಅಂಟೂ ಜಗ್ಗಿರುತ್ತದೆ, ಒಳಬದಿ ಊದಿ ನೋಯುತ್ತದೆ. ‘ಒಳಗಡೆ ನೋವಿದೆ’ ಎಂದಷ್ಟೇ ಕೇಳಿಸಿಕೊಂಡರೆ ಲಿಗಮೆಂಟ್ ಹರಿದಿದೆ ಅನ್ನಿಸಬಹುದು. ನೋವು ಒಳಗಂಟಿನ ತುದಿಯ ಕೆಳಗೇ ಇದೆಯೋ, ಎರಡು ಬೆರಳು ಮುಂದಿದೆಯೋ ಎಂದು ಬೆರಳಿಟ್ಟು ತೋರಿಸಿ. ಕೊನೆಯ ತೀರ್ಮಾನ ಎಕ್ಸ್‌ರೇಯಲ್ಲಿ ಟೇಲಸ್ ಕದಲಿದೆಯೇ ಎಂಬುದರ ಮೇಲೆ ನಿಲ್ಲುತ್ತದೆ.

ಪಟ್ಟಿ ಸಾಕು ಎಂದಾದರೆ ಮೊದಲು ಅರ್ಧ ಪಟ್ಟಿ, ಅಂದರೆ ಸ್ಲ್ಯಾಬ್. ಊತ ಹೆಚ್ಚಾದರೂ ಕಾಲಿಗೆ ಬಿಗಿಯಬಾರದಲ್ಲ. ಊತ ಇಳಿದ ಮೇಲೆ ಪೂರ್ತಿ ಪಟ್ಟಿ ಅಥವಾ ಬೂಟು. ಆರು ವಾರ ಎನ್ನುವುದು ಬಹಳ ಕಾಲದಿಂದ ಬಂದ ಲೆಕ್ಕ. ಫಿನ್ಲೆಂಡಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕದಲದ ವೆಬರ್ ಬಿ ಮುರಿತಕ್ಕೆ ಮೂರು ವಾರ ಹಾಕಿದರೂ ಫಲಿತಾಂಶ ಆರು ವಾರಕ್ಕಿಂತ ಕಡಿಮೆಯೇನಾಗಲಿಲ್ಲ. ಹಾಗಂತ ಮೂರನೇ ವಾರಕ್ಕೆ ನೀವೇ ಬಿಚ್ಚಬೇಡಿ. ನಿಮ್ಮದು ಆ ಬಗೆಯ ಮುರಿತ ಹೌದೋ ಅಲ್ಲವೋ ಎಂದು ಡಾಕ್ಟರೇ ಹೇಳಬೇಕು. ಪಟ್ಟಿ ಹಾಕುವಾಗ ಒಳಬದಿಯ ನ್ಯಾವಿಕ್ಯುಲರ್ ಉಬ್ಬಿನ ಮೇಲೆ ಹತ್ತಿ ಜಾಸ್ತಿ ಇಡಿಸಿಕೊಳ್ಳಿ. ಇಲ್ಲದಿದ್ದರೆ ಅಲ್ಲಿ ಚರ್ಮ ಉಜ್ಜಿ ಹುಣ್ಣಾಗುತ್ತದೆ.

## ಆಪರೇಷನ್ನಿನಲ್ಲಿ ಏನು ಮಾಡುತ್ತಾರೆ

ನಮ್ಮಲ್ಲಿ ಯಾರಿಗೆ ಏನೇ ಹಾಕಿದರೂ ‘ರಾಡ್ ಹಾಕಿದ್ದಾರೆ’ ಎನ್ನುವುದು ರೂಢಿ. ಕಣಕಾಲಿಗೆ ಸಾಮಾನ್ಯವಾಗಿ ಹಾಕುವುದು ಪ್ಲೇಟು ಮತ್ತು ಸ್ಕ್ರೂ. ಹೊರಗಂಟಿನ ಮೇಲೆ ಉದ್ದಕ್ಕೆ ಒಂದು ಕುಯ್ತ. ಮುರಿದ ತುದಿಗಳ ನಡುವಿನ ಹೆಪ್ಪುಗಟ್ಟಿದ ರಕ್ತ ತೆಗೆದು, ಅವನ್ನು ಹೊಂದಿಸಿ, ತೆಳು ಪ್ಲೇಟು ಕೂರಿಸಿ ಸ್ಕ್ರೂ ಬಿಗಿಯುತ್ತಾರೆ. ಒಳಗಂಟು ಮುರಿದಿದ್ದರೆ ಹೆಚ್ಚಾಗಿ ಎರಡು ಸ್ಕ್ರೂ. ಎರಡು ಮೂಳೆಗಳ ನಡುವಿನ ಲಿಗಮೆಂಟ್ ಹರಿದಿದ್ದರೆ ಅಡ್ಡಕ್ಕೆ ಒಂದು ಸ್ಕ್ರೂ, ಇಲ್ಲವೇ ಎರಡೂ ತುದಿಗೆ ಗುಂಡಿಯಿರುವ ಗಟ್ಟಿ ದಾರ.

‘ಇವತ್ತೇ ಯಾಕೆ ಮಾಡ್ತಿಲ್ಲ’ ಎಂದು ಮನೆಯವರು ತಾಳ್ಮೆ ಕಳೆದುಕೊಳ್ಳುವುದುಂಟು. ಊದಿ ಮಿರಿಮಿರಿ ಮಿಂಚುವ ಚರ್ಮವನ್ನು ಕೊಯ್ದರೆ ಹೊಲಿಗೆ ಕೂಡುವುದಿಲ್ಲ, ಸೋಂಕು ತಗುಲುತ್ತದೆ. ಊತ ಇಳಿದು ಚರ್ಮದಲ್ಲಿ ಸಣ್ಣ ನೆರಿಗೆ ಮತ್ತೆ ಕಾಣುವವರೆಗೆ ಕಾಯುತ್ತಾರೆ. ವಾರ, ಹತ್ತು ದಿನ ಹಿಡಿಯಬಹುದು. ಕೀಲು ಪೂರ್ತಿ ಜಾರಿದ್ದರೆ ಮಾತ್ರ ಕಾಯುವಂತಿಲ್ಲ, ಅದನ್ನು ಬಂದ ತಕ್ಷಣ ಎಳೆದು ಕೂರಿಸುತ್ತಾರೆ. ಮೂಳೆ ಚರ್ಮ ಸೀಳಿ ಹೊರಬಂದಿದ್ದರೂ ತುರ್ತೇ.

ಹೆಚ್ಚುವರಿ ಮೂಳೆಯನ್ನು ಇದೇ ಆಪರೇಷನ್ನಿನಲ್ಲಿ ತೆಗೆದುಬಿಡಬಾರದೇ ಎಂಬ ಪ್ರಶ್ನೆ ಸಹಜ. ನೋವು ಕೊಡದ ಮೂಳೆಯನ್ನು ತೆಗೆಯುವುದರಿಂದ ಲಾಭವಿಲ್ಲ. ಆಸ್ ಟ್ರೈಗೋನಮ್ ತೆಗೆಯಲು ಬೇರೆ ದಾರಿಯಲ್ಲಿ ಹೋಗಬೇಕು, ಅಲ್ಲಿ ನರಗಳಿವೆ. ನ್ಯಾವಿಕ್ಯುಲರ್ ತೆಗೆದರೆ ಕಮಾನು ಹಿಡಿದ ಟೆಂಡನ್ನನ್ನು ಮತ್ತೆ ಕಟ್ಟಬೇಕು. ಆಸ್ ಸಬ್‌ಫಿಬುಲಾರೆ ಮಾತ್ರ ಸ್ವಲ್ಪ ಬೇರೆ, ಅದು ಹೊರಗಂಟಿನ ಲಿಗಮೆಂಟಿಗೇ ಅಂಟಿಕೊಂಡಿರುತ್ತದೆ. ಅದು ಅಲುಗಾಡುತ್ತಿದ್ದು, ಕಾಲು ಪದೇ ಪದೇ ಹೊರಳುತ್ತಿದ್ದ ಇತಿಹಾಸವೂ ಇದ್ದರೆ, ಆ ತುಣುಕನ್ನು ತೆಗೆದು ಲಿಗಮೆಂಟ್ ಬಿಗಿಯುವುದನ್ನೋ, ತುಣುಕು ದೊಡ್ಡದಿದ್ದರೆ ಸ್ಕ್ರೂ ಹಾಕಿ ಕೂಡಿಸುವುದನ್ನೋ ಸರ್ಜನ್ ಯೋಚಿಸುತ್ತಾರೆ.

## ಪಟ್ಟಿ ಹಾಕಿಸಿಕೊಂಡು ಮನೆಗೆ ಬಂದ ಮೇಲೆ

ಮೊದಲ ಎರಡು ವಾರ ಕಾಲನ್ನು ಎದೆಯ ಮಟ್ಟಕ್ಕಿಂತ ಮೇಲಿಡಿ. ಕುರ್ಚಿಯಲ್ಲಿ ಕೂತು ಸ್ಟೂಲಿನ ಮೇಲಿಟ್ಟರೆ ಸಾಲದು, ಮಲಗಿ ದಿಂಬಿನ ಮೇಲಿಡಬೇಕು. ಬೆರಳುಗಳನ್ನು ಆಡಿಸುತ್ತಿರಿ. ಬೆರಳು ನೀಲಿಯಾದರೆ, ತಣ್ಣಗಾದರೆ, ಜೋಮು ಬಿಡದಿದ್ದರೆ, ಮಾತ್ರೆಗೂ ಬಗ್ಗದೆ ನೋವು ಏರುತ್ತಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು ರಕ್ತ ಹೆಪ್ಪುಗಟ್ಟಿದ ಸೂಚನೆ ಇರಬಹುದು. ಆಗಲೂ ಅಷ್ಟೇ ಆತುರ ಬೇಕು.

ಎಣ್ಣೆ ಹಾಕಿ ತಿಕ್ಕುವುದು ಬೇಡ. ನಾಟಿ ಕಟ್ಟಿನ ಮೇಲೆ ನಂಬಿಕೆ ಇರುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ, ಆಂಧ್ರದ ಪುತ್ತೂರು ಕಟ್ಟಿನ ಬೋರ್ಡು ಬೆಂಗಳೂರಿನಲ್ಲೂ ಕಾಣುತ್ತದೆ. ಕಣಕಾಲಿನ ವಿಷಯದಲ್ಲಿ ಟೇಲಸ್ ಎಷ್ಟು ಮಿಲಿಮೀಟರ್ ಸರಿದಿದೆ ಎಂಬುದು ಕೈಯಿಂದ ಮುಟ್ಟಿ ತಿಳಿಯುವಂಥದ್ದಲ್ಲ. ಊದುತ್ತಿರುವ ಕಾಲಿಗೆ ಯಾರೇ ಆಗಲಿ ಬಿಗಿಯಾಗಿ ಕಟ್ಟಿದರೆ ರಕ್ತ ಓಡಾಟಕ್ಕೇ ಕುತ್ತು.

ಸಕ್ಕರೆ ಕಾಯಿಲೆ ಇದ್ದವರ ಲೆಕ್ಕ ಬೇರೆ. ಅವರಿಗೆ ಮೂಳೆ ಕೂಡುವುದೂ ತಡ, ಗಾಯ ಒಣಗುವುದೂ ತಡ. ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿದ್ದರೆ ಪಟ್ಟಿಯೊಳಗೆ ಹುಣ್ಣಾದರೂ ಗೊತ್ತಾಗುವುದಿಲ್ಲ. ಭಾರ ಹಾಕದೆ ಇರುವ ಅವಧಿಯನ್ನು ಅವರಿಗೆ ಎರಡು ಪಟ್ಟು ಮಾಡುವುದೂ ಉಂಟು. ಬೀಡಿ, ಸಿಗರೇಟು ಸೇದುವವರಿಗೂ ಮೂಳೆ ನಿಧಾನ.

ಪಟ್ಟಿ ಬಿಚ್ಚಿದ ದಿನ ಕಾಲು ಸಣ್ಣಗಾಗಿ, ಕೀಲು ಮರದ ತುಂಡಾಗಿರುತ್ತದೆ. ಫಿಸಿಯೋಥೆರಪಿ ಶುರುವಾಗುವುದು ಅಲ್ಲಿಂದ. ಇಂಡಿಯನ್ ಟಾಯ್ಲೆಟ್ಟಿನಲ್ಲಿ ಕೂರಲು, ಕುಕ್ಕರಗಾಲಲ್ಲಿ ಕೂತು ಕಳೆ ಕೀಳಲು ಪಾದ ಮೇಲಕ್ಕೆ ಚೆನ್ನಾಗಿ ಬಾಗಬೇಕು. ಆ ಬಾಗು ಮರಳುವುದು ನಿಧಾನ, ತಿಂಗಳುಗಳೇ ಹಿಡಿಯಬಹುದು. ಸಂಜೆ ಹೊತ್ತಿಗೆ ಕಾಲು ಊದುವುದೂ ಹಾಗೇ. ಬಲಗಾಲಿಗೆ ಆಪರೇಷನ್ ಆದವರು ಬ್ರೇಕ್ ಒತ್ತುವ ವೇಗ ಮೊದಲಿನಂತಾಗಲು ಸುಮಾರು 9 ವಾರ ಬೇಕು ಎಂದು 2003ರ ಅಧ್ಯಯನವೊಂದು ಕಂಡುಕೊಂಡಿತ್ತು.

## ಮೂಳೆ ಕೂಡಿದ ಮೇಲೂ ನೋವು ಉಳಿದರೆ

ಹೆಚ್ಚುವರಿ ಮೂಳೆಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಕಾದ ಸಮಯ ಇದು. ಎಕ್ಸ್‌ರೇಯಲ್ಲಿ ಮುರಿತ ಕೂಡಿದೆ, ಪ್ಲೇಟು ಸರಿಯಾಗಿದೆ, ಡಾಕ್ಟರು ‘ಎಲ್ಲ ಚೆನ್ನಾಗಿದೆ’ ಅನ್ನುತ್ತಾರೆ. ನಿಮಗೆ ಮಾತ್ರ ಹಿಮ್ಮಡಿಯ ಹಿಂದೆ ಆಳದಲ್ಲೆಲ್ಲೋ ಚುಚ್ಚುತ್ತದೆ. ಸುಮ್ನೆ ನಡೆಯುವಾಗ ಅಷ್ಟಿಲ್ಲ. ಮೆಟ್ಟಿಲು ಇಳಿಯುವಾಗ, ಇಳಿಜಾರಿನಲ್ಲಿ, ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿದಾಗ, ವಜ್ರಾಸನದಲ್ಲಿ ಕೂತಾಗ ಜಾಸ್ತಿ. ಇವೆಲ್ಲದರಲ್ಲೂ ಪಾದದ ತುದಿ ಕೆಳಕ್ಕೆ ಚಾಚುತ್ತದೆ. ಆಗ ಟಿಬಿಯಾದ ಹಿಂದಿನ ಅಂಚು ಮತ್ತು ಹಿಮ್ಮಡಿ ಮೂಳೆಯ ನಡುವೆ ಆಸ್ ಟ್ರೈಗೋನಮ್ ಸಿಕ್ಕಿಹಾಕಿಕೊಳ್ಳುತ್ತದೆ. ಬ್ಯಾಲೆ ನರ್ತಕಿಯರು, ಫುಟ್‌ಬಾಲ್ ಆಟಗಾರರು, ಮುಂದಿನ ಕಾಲನ್ನು ಬಲವಾಗಿ ಊರುವ ಕ್ರಿಕೆಟ್ಟಿನ ವೇಗದ ಬೌಲರ್‌ಗಳು ಈ ನೋವಿಗೆ ಹೆಸರಾದವರು. ಅವರಿಗೆ ದಿನದಿನದ ಒತ್ತಡದಿಂದ ಆಗುವುದು, ಬಿದ್ದವರಿಗೆ ಒಂದೇ ಏಟಿನಲ್ಲಿ ಆಗಿರುತ್ತದೆ. ಅಷ್ಟು ವರ್ಷ ತೆಪ್ಪಗಿದ್ದ ಮೆದುಮೂಳೆಯ ಬೆಸುಗೆ ಅವತ್ತು ಹರಿದಿರುತ್ತದೆ.

ಹೆಬ್ಬೆರಳನ್ನು ಬಗ್ಗಿಸುವ ಟೆಂಡನ್ ಈ ಮೂಳೆಗೆ ಒತ್ತಿಕೊಂಡೇ ಕೆಳಗಿಳಿಯುತ್ತದೆ. ಹಾಗಾಗಿ ಕಣಕಾಲು ಅಲುಗಿಸದೆ ಹೆಬ್ಬೆರಳನ್ನು ಮಾತ್ರ ಮಡಚಿ ಬಿಡಿಸಿದಾಗ ಹಿಮ್ಮಡಿಯ ಹಿಂದೆ ನೋವು ಬಂದರೆ ಅದೊಂದು ಒಳ್ಳೆಯ ಸುಳಿವು. ಡಾಕ್ಟರಿಗೆ ಮಾಡಿ ತೋರಿಸಿ.

ಇಲ್ಲೂ ಮೊದಲು ಆಪರೇಷನ್ ಅಲ್ಲ. ನಾಲ್ಕರಿಂದ ಆರು ವಾರ ಬೂಟು, ಪಾದ ಚಾಚುವ ಭಂಗಿಗಳಿಂದ ದೂರ, ಫಿಸಿಯೋಥೆರಪಿ. ಸಾಲದಿದ್ದರೆ ಸ್ಕ್ಯಾನ್ ನೋಡುತ್ತಾ ಆ ಜಾಗಕ್ಕೇ ಮರಗಟ್ಟಿಸುವ ಔಷಧಿ ಮತ್ತು ಸ್ಟೀರಾಯ್ಡ್ ಇಂಜೆಕ್ಷನ್. ಇಂಜೆಕ್ಷನ್ ಕೊಟ್ಟ ತಕ್ಷಣ ನೋವು ಮಾಯವಾದರೆ ಕಳ್ಳ ಯಾರೆಂಬುದೂ ಖಚಿತವಾಗುತ್ತದೆ. ನ್ಯಾವಿಕ್ಯುಲರ್ ಉಬ್ಬು ನೋಯುತ್ತಿದ್ದರೆ ಕಮಾನಿಗೆ ಆಸರೆ ಕೊಡುವ ಇನ್‌ಸೋಲ್, ಒಳಬದಿ ಒತ್ತದ ಅಗಲ ಶೂ.

ಮೂರರಿಂದ ಆರು ತಿಂಗಳು ಇದೆಲ್ಲ ಮಾಡಿಯೂ ಬಗ್ಗದಿದ್ದರೆ ಮೂಳೆ ತೆಗೆಯುವ ಮಾತು. ಆಸ್ ಟ್ರೈಗೋನಮ್ಮನ್ನು ಒಂದು ಸಣ್ಣ ಕುಯ್ತದಿಂದ ತೆಗೆಯಬಹುದು. ಇಲ್ಲವೇ ರೋಗಿಯನ್ನು ಬೋರಲು ಮಲಗಿಸಿ, ಹಿಮ್ಮಡಿಯ ಟೆಂಡನ್ನಿನ ಎರಡೂ ಪಕ್ಕ ಪುಟ್ಟ ರಂಧ್ರ ಮಾಡಿ, ಒಂದರಲ್ಲಿ ಕ್ಯಾಮೆರಾ ಒಂದರಲ್ಲಿ ಉಪಕರಣ ಹಾಕಿ ತೆಗೆಯಬಹುದು. ಈ ಎರಡು ರಂಧ್ರದ ವಿಧಾನವನ್ನು 2000ನೇ ಇಸವಿಯಲ್ಲಿ ನೆದರ್ಲೆಂಡ್ಸ್‌ನ ಸರ್ಜನ್ ವಾನ್ ಡೈಕ್ ಮತ್ತು ಜೊತೆಗಾರರು ವಿವರಿಸಿದರು. ಹೊರಬದಿಯಲ್ಲಿ ಪಾದದ ಅಂಚಿಗೆ ಸ್ಪರ್ಶ ಕೊಡುವ ನರ ಹಾದುಹೋಗುತ್ತದೆ, ಒಳಬದಿಯಲ್ಲಿ ಅಂಗಾಲಿನ ಮುಖ್ಯ ನರ ಮತ್ತು ರಕ್ತನಾಳ. ಹೆಬ್ಬೆರಳಿನ ಟೆಂಡನ್ನನ್ನು ಗಡಿಯಾಗಿಟ್ಟುಕೊಂಡು, ಅದರ ಒಳಬದಿಗೆ ದಾಟದೆ ಸರ್ಜನ್ ಕೆಲಸ ಮುಗಿಸುತ್ತಾರೆ. ಹೊರಬದಿಯ ನರಕ್ಕೆ ಪೆಟ್ಟಾದರೆ ಪಾದದ ಅಂಚು ಕೆಲಕಾಲ, ಅಪರೂಪಕ್ಕೆ ಶಾಶ್ವತವಾಗಿ ಮರಗಟ್ಟಿದಂತಿರುತ್ತದೆ. ಸಹಿ ಹಾಕುವ ಮುನ್ನ ಕೇಳಿ ತಿಳಿದುಕೊಳ್ಳಬೇಕಾದದ್ದು ಇದನ್ನೇ. ಮೊದಲಿನ ಪ್ಲೇಟು, ಸ್ಕ್ರೂ ಚರ್ಮಕ್ಕೆ ಒತ್ತಿ ನೋಯುತ್ತಿದ್ದರೆ ಅದನ್ನೂ ಇದೇ ಅರಿವಳಿಕೆಯಲ್ಲಿ ತೆಗೆಯಲಾಗುತ್ತದೆಯೇ ಎಂದೂ ಕೇಳಬಹುದು. ಒತ್ತದಿದ್ದರೆ ಪ್ಲೇಟು ಒಳಗೇ ಇದ್ದರೂ ತೊಂದರೆಯಿಲ್ಲ.